ನೀತಿ ಪಾಠಕ್ಕೆ ಪೀರಿಯಡ್ಡು ಕೊಡುವ ಮುನ್ನ: ಶಾಲಾ ಶಿಕ್ಷಣ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ಶಿಕ್ಷಕಿ. ಶಾಲೆಗಳಲ್ಲಿ ನೈತಿಕ ಶಿಕ್ಷಣ ಬೇಕು ಅನ್ನುವ ಮಾತು ಯಾವ ಸರ್ಕಾರ ಬಂದರೂ ಒಂದಲ್ಲ ಒಂದು ಸಲ ಎದ್ದೇ ಏಳುತ್ತದೆ. 2022ರಲ್ಲಿ ಎದ್ದಾಗ ಅದು ಭಗವದ್ಗೀತೆ ಬೇಕೋ ಬೇಡವೋ ಅನ್ನುವ ಜಗಳವಾಯಿತು. ಟಿವಿಯಲ್ಲಿ ದಿನಗಟ್ಟಲೆ ಚರ್ಚೆ ನಡೆಯಿತು. ಮಠದವರು ಮಾತಾಡಿದರು, ಪಕ್ಷದವರು ಮಾತಾಡಿದರು, ಯಾವ ಗ್ರಂಥ ಇರಬೇಕು, ಯಾವುದು ಇರಬಾರದು ಅಂತ ಪಟ್ಟಿ ಹಾಕಿದರು. ಆ ಪೀರಿಯಡ್ಡಿನಲ್ಲಿ ಕೂತ ಒಂಬತ್ತನೇ ತರಗತಿಯ ಹುಡುಗಿ ಏನು ಮಾಡಬೇಕು ಅನ್ನುವುದು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ಸುಮ್ನೆ ಕೇಳಬೇಕಾ? ಬಾಯಿಪಾಠ ಮಾಡಬೇಕಾ? ‘ನನಗೆ ಒಪ್ಪಿಗೆ ಇಲ್ಲ ಮಿಸ್’ ಅನ್ನಬಹುದಾ?

ನನ್ನ ಕೋರಿಕೆ ಇದು. ಧರ್ಮ ಮತ್ತು ನೀತಿಯನ್ನು ಹೈಸ್ಕೂಲಿನಲ್ಲಿ ಒಂದು ವಿಷಯವಾಗಿ ಓದಿಸಿ. ಪ್ರವಚನ ಬೇಡ. ಇತಿಹಾಸ ಓದಿಸುವ ಹಾಗೆ ಓದಿಸಿ: ಆಧಾರ ಮುಂದಿಟ್ಟು, ಪ್ರಶ್ನೆ ಕೇಳಲು ಬಿಟ್ಟು, ಮಕ್ಕಳು ಬರೆದ ಉತ್ತರ ತಿದ್ದಿ. ಅದು ಆಗುವುದಿಲ್ಲ ಅಂತಾದರೆ ಈಗಿರುವ ಪೀರಿಯಡ್ಡನ್ನು ಗಣಿತದ ಮೇಷ್ಟ್ರಿಗೇ ಕೊಟ್ಟುಬಿಡಿ. ಮಕ್ಕಳಿಗೆ ಅಷ್ಟಾದರೂ ಉಪಯೋಗವಾಗುತ್ತದೆ.

ತಮಾಷೆಗೆ ಹೇಳುತ್ತಿಲ್ಲ ಸರ್. ಈಗಲೂ ನಡೆಯುತ್ತಿರುವುದು ಅದೇ. ವೇಳಾಪಟ್ಟಿಯಲ್ಲಿ ಮೌಲ್ಯ ಶಿಕ್ಷಣ ಅಂತ ಬರೆದಿರುತ್ತದೆ, ಎಲೆ ತುದಿಯ ಉಪ್ಪಿನಕಾಯಿ ಹಾಗೆ. ಡಿಸೆಂಬರ್ ಬಂತೆಂದರೆ ಸ್ಟಾಫ್ ರೂಮಿನಲ್ಲಿ ‘ಮೇಡಂ, ಈ ಪೀರಿಯಡ್ ಕೊಡ್ತೀರಾ, ತ್ರಿಕೋನಮಿತಿ ಬಾಕಿ ಇದೆ’ ಅನ್ನುತ್ತಾರೆ. ಇಲ್ಲ ಅನ್ನೋಕಾಗುತ್ತಾ? ಎಸ್‌ಎಸ್‌ಎಲ್‌ಸಿಯ 625 ಅಂಕಗಳಲ್ಲಿ ನೀತಿಗೆ ಒಂದು ಅಂಕವೂ ಇಲ್ಲ. ಫಲಿತಾಂಶ ಕಡಿಮೆ ಬಂದರೆ ನೋಟಿಸ್ ಬರುವುದು ಗಣಿತಕ್ಕೆ, ವಿಜ್ಞಾನಕ್ಕೆ. ‘ನಿಮ್ಮ ಮಕ್ಕಳಲ್ಲಿ ನೀತಿ ಕಮ್ಮಿ’ ಅಂತ ಯಾರಿಗೂ ನೋಟಿಸ್ ಬಂದಿದ್ದು ನಾನು ನೋಡಿಲ್ಲ.

ನಮ್ಮ ಕನ್ನಡ ಮೇಡಂ ಒಂದು ಸಲ ಹೇಳಿದ್ದು ನೆನಪಾಗುತ್ತದೆ. ಕಿರುಪರೀಕ್ಷೆಯಲ್ಲಿ ‘ಕಳಬೇಡ ಕೊಲಬೇಡ’ ವಚನ ಪೂರ್ತಿ ಮಾಡಿ ಅಂತ ಪ್ರಶ್ನೆ ಇತ್ತಂತೆ. ಹಿಂದಿನ ಬೆಂಚಿನ ಒಬ್ಬ ಪಕ್ಕದವನ ಹಾಳೆಗೆ ಕಣ್ಣು ಹಾಕಿಕೊಂಡು ‘ಹುಸಿಯ ನುಡಿಯಲು ಬೇಡ’ ಅಂತ ಮುದ್ದಾಗಿ ಬರೆದನಂತೆ. ಎಲ್ಲರೂ ನಕ್ಕೆವು. ಆದರೆ ಹುಡುಗನದೇನು ತಪ್ಪು ಹೇಳಿ. ಪ್ರಶ್ನೆ ಪತ್ರಿಕೆ ಕೇಳಿದ್ದು ಬಿಟ್ಟ ಪದಗಳನ್ನು. ಅವನು ಕೊಟ್ಟಿದ್ದೂ ಅವನ್ನೇ.

ನಮ್ಮ ಪಠ್ಯದಲ್ಲಿ ಧರ್ಮಗಳು ಇಲ್ಲ ಅಂತಲ್ಲ. ಎಂಟನೇ ತರಗತಿಯಲ್ಲಿ ಜೈನ, ಬೌದ್ಧ ಧರ್ಮಗಳು ಬರುತ್ತವೆ. ಒಂಬತ್ತರಲ್ಲಿ ಕ್ರೈಸ್ತ, ಇಸ್ಲಾಂ ಧರ್ಮಗಳಿವೆ, ಶಂಕರ, ರಾಮಾನುಜ, ಬಸವಣ್ಣ, ಮಧ್ವರ ಪಾಠ ಇದೆ. ಎಲ್ಲವೂ ಒಂದೇ ಅಚ್ಚಿನಲ್ಲಿ ಬರುತ್ತವೆ: ಹುಟ್ಟಿದ ಊರು, ತಂದೆ ತಾಯಿ, ಬೋಧನೆಗಳು. ಮಕ್ಕಳು ತ್ರಿರತ್ನ, ಅಷ್ಟಾಂಗ ಮಾರ್ಗ, ಐದು ಮಹಾವ್ರತ ಎಲ್ಲವನ್ನೂ ಬೆರಳಲ್ಲಿ ಎಣಿಸಿ ಹೇಳುತ್ತಾರೆ. ಪಕ್ಕದ ಬೀದಿಯ ಜೈನರ ಮನೆಯಲ್ಲಿ ಕತ್ತಲಾದ ಮೇಲೆ ಯಾಕೆ ಊಟ ಮಾಡುವುದಿಲ್ಲ ಅಂತ ಕೇಳಿದರೆ ಗೊತ್ತಿಲ್ಲ.

ಇದಕ್ಕೆಲ್ಲ ಕಾನೂನಿನ ಅಡ್ಡಿ ಇದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಸಂವಿಧಾನದ 28ನೇ ವಿಧಿ ಸ್ಪಷ್ಟವಾಗಿದೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಮಾಡುವಂತಿಲ್ಲ. ಅನುದಾನಿತ ಅಥವಾ ಮಾನ್ಯತೆ ಪಡೆದ ಶಾಲೆಯಲ್ಲಿ ಮಾಡಿದರೂ ಒಪ್ಪಿಗೆ ಇಲ್ಲದೆ ಯಾರನ್ನೂ ಕೂರಿಸುವಂತಿಲ್ಲ. ಮಗು ಚಿಕ್ಕದಾದರೆ ಆ ಒಪ್ಪಿಗೆಯನ್ನು ಪೋಷಕರು ಕೊಡಬೇಕು. ಆದರೆ 1964ರಿಂದ 66ರವರೆಗೆ ದೇಶದ ಶಿಕ್ಷಣ ವ್ಯವಸ್ಥೆಯ ಬಗ್ಗೆ ಕೆಲಸ ಮಾಡಿದ ಕೊಠಾರಿ ಆಯೋಗ ಆಗಲೇ ಗೆರೆ ಎಳೆದಿತ್ತು: ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ಓದಿಸುವುದು ಬೇರೆ. ಧರ್ಮಗಳ ಬಗ್ಗೆ ಓದಿಸಬೇಕು ಅಂದಿದ್ದ 2000ದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ಸಾಮಾಜಿಕ ಕಾರ್ಯಕರ್ತೆ ಅರುಣಾ ರಾಯ್ ಮತ್ತಿತರರು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದಾಗ, 2002ರ ಸೆಪ್ಟೆಂಬರಿನಲ್ಲಿ ಬಂದ ತೀರ್ಪು ಕೂಡ ಅದನ್ನೇ ಹೇಳಿತು. ಧರ್ಮಗಳ ಅಧ್ಯಯನಕ್ಕೆ 28ನೇ ವಿಧಿ ಅಡ್ಡ ಬರುವುದಿಲ್ಲ. ಅದೇ ತೀರ್ಪಿನಲ್ಲಿ ನ್ಯಾಯಮೂರ್ತಿ ಧರ್ಮಾಧಿಕಾರಿಯವರು ಒಂದು ಎಚ್ಚರಿಕೆಯನ್ನೂ ಬರೆದಿದ್ದಾರೆ. ಬೋಧನೆಗೂ ಅಧ್ಯಯನಕ್ಕೂ ನಡುವಿನ ಗೆರೆ ಬಹಳ ತೆಳು, ಅಧ್ಯಯನದ ಹೆಸರಲ್ಲಿ ಬೋಧನೆ ಒಳಗೆ ಬರದಂತೆ ನೋಡಿಕೊಳ್ಳಬೇಕು ಅಂತ. ನಮ್ಮಲ್ಲಿ ಒಂದು ಕಡೆಯವರು ತೀರ್ಪಿನ ಮೊದಲ ಅರ್ಧ ಮಾತ್ರ ಹೇಳುತ್ತಾರೆ, ಇನ್ನೊಂದು ಕಡೆಯವರು ಎರಡನೇ ಅರ್ಧ ಮಾತ್ರ.

ಆ ತೆಳು ಗೆರೆಯ ಮೇಲೆ ತರಗತಿಯಲ್ಲಿ ನಡೆಯೋಕಾಗುತ್ತಾ? ಆಗುತ್ತದೆ. ಒಂದು ಪಾಠ ಹೇಳುತ್ತೇನೆ.

ವಿಜಯನಗರದ ಪಾಠ ಬಂದಾಗ ‘ಬುಕ್ಕರಾಯ ಎಲ್ಲ ಧರ್ಮದವರನ್ನೂ ಸಮಾನವಾಗಿ ಕಂಡನು’ ಅಂತ ಒಂದು ಸಾಲು ಹೇಳಿ ಮುಂದೆ ಹೋಗುವುದು ರೂಢಿ. ನಾನು ಆ ಸಾಲಿನ ಹಿಂದಿರುವ ಶಾಸನವನ್ನೇ ಮಕ್ಕಳ ಮುಂದೆ ಇಟ್ಟೆ. ಶ್ರವಣಬೆಳಗೊಳದ ಭಂಡಾರಿ ಬಸದಿಯಲ್ಲಿರುವ 1368ರ ಶಾಸನ. ಇದೇ ಒಪ್ಪಂದದ ಶಾಸನ ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಿದ್ದಿತ್ತು. ತಮಗೆ ಅನ್ಯಾಯವಾಗುತ್ತಿದೆ ಅಂತ ಜೈನರು ರಾಜನ ಬಳಿ ದೂರು ಒಯ್ದರು. ಬುಕ್ಕರಾಯ ಎರಡೂ ಕಡೆಯವರನ್ನು ಕರೆಸಿದ. ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಗೆ ಕೊಟ್ಟ. ಎರಡೂ ದರ್ಶನಗಳಿಗೆ ಭೇದ ಇಲ್ಲ ಅಂದ. ಪಂಚಮಹಾವಾದ್ಯ, ಕಲಶ ಇವುಗಳ ಹಕ್ಕು ಜೈನರಿಗೆ ಮೊದಲಿನಂತೆ ಇರಲಿ ಅಂದ. ಜೈನರಿಗೆ ಆದ ಹಾನಿ ವೃದ್ಧಿಯನ್ನು ವೈಷ್ಣವರು ತಮ್ಮದೇ ಅಂತ ತಿಳಿಯಬೇಕು ಅಂದ. ಕೊನೆಗೆ ವ್ಯವಸ್ಥೆ ಒಂದು ಮಾಡಿದರು. ಜೈನರ ಮನೆ ಮನೆಯಿಂದ ವರ್ಷಕ್ಕೆ ಒಂದು ‘ಹಣ’, ಅಂದರೆ ಆ ಕಾಲದ ಒಂದು ನಾಣ್ಯ, ಎತ್ತಬೇಕು. ಎತ್ತುವವರು ವೈಷ್ಣವರ ಕಡೆಯ ತಿರುಮಲೆಯ ತಾತಯ್ಯ. ಆ ದುಡ್ಡಲ್ಲಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ಇಡಬೇಕು, ಉಳಿದಿದ್ದರಲ್ಲಿ ಹಾಳು ಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು.

ಓದಿ ಮುಗಿಸಿ ‘ಏನನ್ನಿಸ್ತು?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕಿಟಕಿ ಪಕ್ಕದ ಹುಡುಗಿ ಎದ್ದಳು. ‘ಮಿಸ್, ತೊಂದ್ರೆ ಆಗಿದ್ದು ಜೈನರಿಗೆ ಅಲ್ವಾ? ಕಾವಲಿನ ದುಡ್ಡು ಅವರೇ ಯಾಕೆ ಕೊಡ್ಬೇಕು?’

ಅಲ್ಲಿಗೆ ತರಗತಿ ಹೊತ್ತಿಕೊಂಡಿತು. ‘ನಾವೂ ಟ್ಯಾಕ್ಸ್ ಕಟ್ತೀವಲ್ಲ, ಅದರಲ್ಲೇ ಪೊಲೀಸರಿಗೆ ಸಂಬಳ’ ಅಂದ ಒಬ್ಬ. ‘ಟ್ಯಾಕ್ಸ್ ಎಲ್ಲರೂ ಕಟ್ತಾರೆ, ಇಲ್ಲಿ ಒಂದೇ ಜನ ಕಟ್ಟಿದ್ದಾರೆ’ ಅಂತ ಇನ್ನೊಬ್ಬಳು. ಮತ್ತೊಬ್ಬ ಹೇಳಿದ್ದು ನನಗೂ ಹೊಳೆದಿರಲಿಲ್ಲ: ‘ದುಡ್ಡು ಎತ್ತೋದು ವೈಷ್ಣವರ ಕೈಲಿ ಕೊಟ್ರೆ, ನಾಳೆ ಏನಾದ್ರೂ ಆದ್ರೆ ಅವರೇ ಜವಾಬ್ದಾರಿ ಆಗ್ತಾರೆ. ರಾಜ ಜಾಣ ಮಿಸ್.’ ಒಪ್ಪಂದ ಮುರಿದವನು ರಾಜದ್ರೋಹಿ, ಸಂಘದ್ರೋಹಿ ಅಂತ ಶಾಸನದಲ್ಲೇ ಬರೆದಿದೆ ಅಂತ ತೋರಿಸಿದೆ. ‘ಹಾಗಾದ್ರೆ ಮುರಿಯೋರು ಇದ್ರು ಅಂತ ಆಯ್ತು’ ಅಂದಳು ಮೊದಲಿನ ಹುಡುಗಿ. ಬೆಲ್ ಹೊಡೆದರೂ ಮುಗಿಯಲಿಲ್ಲ.

ಆ ದಿನ ನಾನು ಯಾವ ಧರ್ಮವನ್ನೂ ಬೋಧಿಸಲಿಲ್ಲ ಸರ್. ಸಹಿಷ್ಣುತೆ ದೊಡ್ಡ ಗುಣ ಅಂತ ಭಾಷಣವನ್ನೂ ಮಾಡಲಿಲ್ಲ. ಆದರೂ ಮಕ್ಕಳು ನ್ಯಾಯ ಯಾವುದು, ರಾಜಿ ಯಾವುದು, ಬಲ ಇರುವವರು ಬಲ ಇಲ್ಲದವರನ್ನು ಕಾಪಾಡುವಾಗ ಲೆಕ್ಕ ಯಾರ ಹೆಸರಿಗೆ ಬರೆಯಬೇಕು ಅಂತ ಮುಕ್ಕಾಲು ಗಂಟೆ ಜಗಳ ಆಡಿದರು.

ಇಂಥ ಸಾಮಗ್ರಿಗೆ ನಮ್ಮಲ್ಲಿ ಬರ ಇಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲು ಅಶೋಕನ ಶಾಸನ ಅಂತ 1980ರ ದಶಕದಲ್ಲಿ ಗೊತ್ತಾಯಿತು. ಅದರಲ್ಲಿ ಅವನ ಹನ್ನೆರಡನೇ ಬಂಡೆ ಶಾಸನವೂ ಇದೆ. ತನ್ನ ಪಂಥವನ್ನು ಹೊಗಳುವ ಭರದಲ್ಲಿ ಬೇರೆಯವರ ಪಂಥವನ್ನು ತೆಗಳುವವನು ತನ್ನದಕ್ಕೇ ಹಾನಿ ಮಾಡುತ್ತಾನೆ ಅಂತ ಹೇಳುವ ಶಾಸನ ಅದು. ಗೀತೆಯೂ ಇರಲಿ, ನನ್ನದೇನೂ ತಕರಾರಿಲ್ಲ. ಆದರೆ ಅರ್ಜುನ ರಥದಲ್ಲಿ ಕುಸಿದು ಕೂತು ಕೇಳಿದ ಪ್ರಶ್ನೆಗಳಿಂದ ಶುರು ಮಾಡಿ. ನಮ್ಮವರನ್ನೇ ಕೊಂದು ಗೆದ್ದು ಏನು ಸುಖ ಅಂತ ಅವನು ಕೇಳುತ್ತಾನೆ. ಕಳಿಂಗ ಯುದ್ಧ ಗೆದ್ದ ಮೇಲೆ ಅಶೋಕ ಪಶ್ಚಾತ್ತಾಪ ಪಟ್ಟಿದ್ದನ್ನು ಪಕ್ಕದಲ್ಲಿಡಿ. ಒಬ್ಬ ಯುದ್ಧಕ್ಕೆ ಮೊದಲು ಹಿಂಜರಿದ, ಒಬ್ಬ ಯುದ್ಧ ಮುಗಿದ ಮೇಲೆ. ಶ್ಲೋಕ ಕಂಠಪಾಠ ಸ್ಪರ್ಧೆ ಇಟ್ಟರೆ ಇಬ್ಬರ ಸಂಕಟವೂ ಮಕ್ಕಳಿಗೆ ಕಾಣುವುದಿಲ್ಲ.

ಈ ವಿಷಯ ಇಲ್ಲದೆ ಏನು ನಷ್ಟ ಅಂತ ಕೇಳಿದರೆ, 2022ರ ಫೆಬ್ರವರಿ ತಿಂಗಳನ್ನು ನೆನಪಿಸಿಕೊಳ್ಳಿ. ಹಿಜಾಬ್ ವಿವಾದದಿಂದ ಹೈಸ್ಕೂಲು, ಕಾಲೇಜುಗಳಿಗೆ ಮೂರು ದಿನ ರಜೆ ಕೊಡಬೇಕಾಯಿತು. ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು ಬಂತು. ಅಕ್ಟೋಬರ್ 13ಕ್ಕೆ ಸುಪ್ರೀಂ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಬರೆದರು. ಆ ತಿಂಗಳುಗಳಲ್ಲಿ ನಮ್ಮ ಮಕ್ಕಳ ತಲೆಯಲ್ಲಿ ಅದೊಂದೇ ಇತ್ತು. ಮೊಬೈಲಿನಲ್ಲಿ ಅದೇ, ಬಸ್ಸಿನಲ್ಲಿ ಅದೇ. ಶಾಲೆಯೊಳಗೆ ಮಾತ್ರ ಆ ಮಾತು ಎತ್ತುವ ಹಾಗಿರಲಿಲ್ಲ. ‘ಸುಮ್ನೆ ಪಾಠ ಮಾಡಿ ಬನ್ನಿ’ ಅಂತ ಹಿರಿಯರು ಹೇಳಿದರು. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ದೇಶದ ದೊಡ್ಡ ಕೋರ್ಟಿನ ಇಬ್ಬರು ಸಮವಸ್ತ್ರ, ಸಮಾನತೆ, ನಂಬಿಕೆ, ಓದುವ ಹಕ್ಕು ಇವನ್ನೆಲ್ಲ ತೂಗಿ ನೋಡಿ ಎರಡು ದಾರಿ ಹಿಡಿದರಲ್ಲ, ಆ ಎರಡೂ ವಾದಗಳನ್ನು ಒಂದೊಂದು ಪುಟದಲ್ಲಿ ಸರಳವಾಗಿ ಬರೆದು ಕೊಟ್ಟಿದ್ದರೆ ಹತ್ತನೇ ತರಗತಿಯ ಮಕ್ಕಳು ಓದುತ್ತಿದ್ದರು. ಒಪ್ಪದಿದ್ದರೂ ಇನ್ನೊಬ್ಬರು ಯಾಕೆ ಹಾಗೆ ಯೋಚಿಸುತ್ತಾರೆ ಅಂತ ತಿಳಿಯುತ್ತಿತ್ತು. ಬದಲಿಗೆ ಅವರಿಗೆ ಸಿಕ್ಕಿದ್ದು ವಾಟ್ಸಾಪ್.

ಪರೀಕ್ಷೆ ಹೇಗೆ ಮಾಡುವುದು ಅನ್ನುವ ಪ್ರಶ್ನೆ ಬರುತ್ತದೆ. ನಂಬಿಕೆಗೆ ಅಂಕ ಕೊಡೋಕಾಗುತ್ತಾ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಮ್ಮ ಮನೆಯಲ್ಲೇ. ನನ್ನ ತಂಗಿ ಇಂಗ್ಲೆಂಡಿನಲ್ಲಿದ್ದಾಳೆ. ಅವಳ ಮಗಳು ಅಲ್ಲಿನ ಜಿಸಿಎಸ್‌ಇಗೆ, ಅಂದರೆ ನಮ್ಮ ಎಸ್‌ಎಸ್‌ಎಲ್‌ಸಿ ವಯಸ್ಸಿನ ಪರೀಕ್ಷೆಗೆ, ಧರ್ಮಾಧ್ಯಯನ ತೆಗೆದುಕೊಂಡಿದ್ದಳು. ಒಂದು ರಾತ್ರಿ ಫೋನ್ ಮಾಡಿ ‘ದೊಡ್ಡಮ್ಮ, ಮೋಕ್ಷ ಅಂದ್ರೆ ನಿಮ್ಮ ಪ್ರಕಾರ ಏನು? ಪುಸ್ತಕದಲ್ಲಿರೋದು ಬೇಡ’ ಅಂದಳು. ನಾನು ತಡವರಿಸಿದೆ ಅಂತ ಬೇರೆ ಹೇಳಬೇಕಿಲ್ಲ.

ಅಲ್ಲಿ ಕನಿಷ್ಠ ಎರಡು ಧರ್ಮಗಳನ್ನು ಓದಬೇಕು. ಜೊತೆಗೆ ಯುದ್ಧ, ಕುಟುಂಬ, ಅಪರಾಧ ಮತ್ತು ಶಿಕ್ಷೆ, ಮಾನವ ಹಕ್ಕು ಇಂಥ ಸಂಗತಿಗಳಿರುತ್ತವೆ. ಅವಳು ಬರೆದ ಪತ್ರಿಕೆಯ ಮಾದರಿಯಲ್ಲಿ 12 ಅಂಕದ ಒಂದು ಪ್ರಶ್ನೆ ಇರುತ್ತದೆ. ಒಂದು ಹೇಳಿಕೆ ಕೊಡುತ್ತಾರೆ. ಮರಣದಂಡನೆ ಯಾವತ್ತೂ ತಪ್ಪು ಅಂತ ಇದೆ ಅಂದುಕೊಳ್ಳಿ. ಅದರ ಪರವಾಗಿ ಕಾರಣ ಕೊಟ್ಟು ವಾದ ಬರೆಯಬೇಕು. ಬೇರೆ ನಿಲುವಿನ ಪರವಾಗಿಯೂ ಬರೆಯಬೇಕು. ಧರ್ಮದ ಬೋಧನೆಗಳನ್ನು ಆಧಾರವಾಗಿ ತರಬೇಕು. ಕೊನೆಗೆ ತನ್ನ ತೀರ್ಮಾನ ಹೇಳಿ, ಯಾಕೆ ಅಂತ ಸಮರ್ಥಿಸಬೇಕು. ತೀರ್ಮಾನ ಯಾವುದಾದರೂ ಆಗಬಹುದು. ಅಂಕ ಬರುವುದು ವಾದಕ್ಕೆ. ಹಿಂದೂ ಧರ್ಮದ ಭಾಗಕ್ಕೆ ಅವಳ ಕ್ರಿಶ್ಚಿಯನ್ ಗೆಳತಿಗೆ ಇವಳಿಗಿಂತ ಜಾಸ್ತಿ ಅಂಕ ಬಂತಂತೆ. ತಂಗಿಗೆ ಸ್ವಲ್ಪ ಬೇಜಾರಾಯಿತು. ನನಗೆ ಖುಷಿಯಾಯಿತು.

ಅಲ್ಲಿಯದೆಲ್ಲ ಚಿನ್ನ ಅಂತ ಹೇಳುತ್ತಿಲ್ಲ. ‘ಕೆಲವು ಹಿಂದೂಗಳು ಹೀಗೆ ನಂಬುತ್ತಾರೆ’ ಅಂತ ಶುರುಮಾಡುವ ಸಿದ್ಧ ಉತ್ತರಗಳನ್ನು ಅಲ್ಲೂ ಉರು ಹೊಡೆಯುತ್ತಾರೆ. ತರಬೇತಿ ಪಡೆದ ಶಿಕ್ಷಕರು ಸಾಲದು ಅನ್ನುವ ದೂರು ಅಲ್ಲೂ ಇದೆ. ಅವಳ ಪುಸ್ತಕದ ಫೋಟೋ ಕಳಿಸಿಕೊಂಡು ನೋಡಿದೆ. ತ್ರಿಮೂರ್ತಿಗಳು, ಆತ್ಮ, ಕರ್ಮ ಎಲ್ಲ ಇದೆ. ನಮ್ಮೂರ ಮಾರಮ್ಮ ಇಲ್ಲ. ನಾವು ಪುಸ್ತಕ ಮಾಡಿದರೂ ಇದೇ ಆಗುತ್ತದೆ ಅನ್ನುವ ಭಯ ನನಗಿದೆ. ಗ್ರಂಥದಲ್ಲಿರುವ ಧರ್ಮ ಮಾತ್ರ ಪುಸ್ತಕಕ್ಕೆ ಬರುತ್ತದೆ, ಬೀದಿಯಲ್ಲಿರುವುದು ಹೊರಗೆ ಉಳಿಯುತ್ತದೆ. ಉತ್ತರ ಕರ್ನಾಟಕದಲ್ಲಿ ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಮೊಹರಂ ಮಾಡುತ್ತಾರೆ. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರನಿಗೆ ಹಿಂದೂಗಳೂ ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಇದನ್ನು ಯಾವ ಅಧ್ಯಾಯದಲ್ಲಿ ಹಾಕುತ್ತೀರಿ? ಹಾಗೆಯೇ ದೇವರನ್ನು ನಂಬದವರೂ ಪುಸ್ತಕದಲ್ಲಿರಲಿ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ತನಿಖೆಗೇ ಸಮಿತಿ ಮಾಡಿದ್ದರು. ಅದೂ ಈ ನಾಡಿನ ಕಥೆಯೇ ಅಲ್ವಾ?

ಯಾವುದಕ್ಕೆ ಎಷ್ಟು ಪುಟ ಅನ್ನುವ ಜಗಳ ಬಂದೇ ಬರುತ್ತದೆ. ನಾರ್ವೆಯಲ್ಲೂ ಬಂತು. ಅಲ್ಲಿ 1997ರಲ್ಲಿ ಎಲ್ಲ ಮಕ್ಕಳಿಗೂ ಒಂದೇ ಧರ್ಮ-ನೀತಿ ವಿಷಯ ತಂದರು. ಕೆಲವು ಪೋಷಕರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋದರು. ದೇಶದ ಚರಿತ್ರೆಯಲ್ಲಿ ಕ್ರೈಸ್ತ ಧರ್ಮದ ಪಾಲು ದೊಡ್ಡದು, ಅದಕ್ಕೆ ಪುಟ ಜಾಸ್ತಿ ಕೊಟ್ಟಿದ್ದೇ ತಪ್ಪಲ್ಲ ಅಂತ 2007ರಲ್ಲಿ ಕೋರ್ಟು ಹೇಳಿತು. ಆದರೆ ಕಲಿಸುವ ರೀತಿಯಲ್ಲೂ ಒಲವು ಕಾಣುತ್ತದೆ, ಮಕ್ಕಳನ್ನು ಪಾಠದಿಂದ ಬಿಡಿಸಿಕೊಳ್ಳುವ ದಾರಿಯೂ ತೊಡಕಿನದು ಅಂತ ಪೋಷಕರ ಪರ ತೀರ್ಪು ಕೊಟ್ಟಿತು. ಮರುವರ್ಷ ನಾರ್ವೆ ಆ ವಿಷಯವನ್ನೇ ಬದಲಾಯಿಸಿತು. ಹಾಗಾಗಿ ಪುಟ ಎಣಿಸುವ ಜಗಳದಲ್ಲಿ ಕಾಲ ಕಳೆಯಬೇಡಿ. ಒಂದು ಸಣ್ಣ ಪರೀಕ್ಷೆ ಸಾಕು. ಇಸ್ಲಾಂ ಬಗ್ಗೆ ಬರೆದ ಪಾಠವನ್ನು ಮುಸ್ಲಿಂ ಮನೆಯ ಮಗು ಓದಿ ‘ಹೌದು, ನಮ್ಮನೇಲಿ ಹೀಗೇ’ ಅನ್ನಬೇಕು. ಲಿಂಗಾಯತ ಮನೆಯ ಮಗು, ದಲಿತ ಬೌದ್ಧ ಮನೆಯ ಮಗು ಕೂಡ. ಹಾಗೇ ಪಕ್ಕದಲ್ಲಿ ಕೂತ ಬೇರೆ ಮನೆಯ ಮಗುವಿಗೆ ಆ ಪಾಠವನ್ನು ಪ್ರಶ್ನಿಸುವ ಧೈರ್ಯವೂ ಇರಬೇಕು. ಈ ಎರಡನೆಯದೇ ಕಷ್ಟ.

ಅದಕ್ಕೆ ಶಿಕ್ಷಕರು ಬೇಕು. ಹೊರಗಿನಿಂದ ಪ್ರವಚನಕಾರರನ್ನು ಕರೆಸಬೇಡಿ, ಅವರು ಯಾವ ಮಠ, ಮಸೀದಿ, ಚರ್ಚಿನವರೇ ಆಗಿರಲಿ. ಅವರ ಮುಂದೆ ಮಕ್ಕಳು ಕೈಕಟ್ಟಿ ಕೂರುತ್ತಾರೆ, ಪ್ರಶ್ನೆ ಕೇಳುವುದಿಲ್ಲ. ಎಂಟು ಮತ್ತು ಒಂಬತ್ತನೇ ತರಗತಿಗೆ ವಾರಕ್ಕೆ ಎರಡು ಪೀರಿಯಡ್ಡು ಸಾಕು. ಹತ್ತನೇ ತರಗತಿಗೆ ತರಬೇಡಿ, ಅಲ್ಲಿ ಪಾಸಾಗಲು ಬೇಕಾದಷ್ಟನ್ನೇ ಓದಿಸುವ ಪಾಸಿಂಗ್ ಪ್ಯಾಕೇಜಿನಲ್ಲಿ ಕರಗಿ ಹೋಗುತ್ತದೆ. ಆಯಾ ಶಾಲೆಯ ಸಮಾಜ ವಿಜ್ಞಾನದ ಶಿಕ್ಷಕರಿಗೇ ಕೊಡಿ, ಆದರೆ ತರಬೇತಿ ಕೊಟ್ಟು ಕೊಡಿ. ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆಯಾದ ಡಯಟ್‌ನಲ್ಲಿ ಪಿಪಿಟಿ ತೋರಿಸಿ, ಊಟ ಹಾಕಿ, ಸಹಿ ಮಾಡಿಸಿ ಕಳಿಸುವ ತರಬೇತಿ ಬೇಡ. ತರಗತಿಯಲ್ಲಿ ಒಬ್ಬ ಹುಡುಗ ಇನ್ನೊಬ್ಬನ ದೇವರ ಬಗ್ಗೆ ಹಗುರವಾಗಿ ಮಾತಾಡಿದರೆ ಆ ಕ್ಷಣದಲ್ಲಿ ಏನು ಮಾಡಬೇಕು? ‘ಮಿಸ್, ನೀವು ದೇವರನ್ನ ನಂಬ್ತೀರಾ?’ ಅಂತ ಕೇಳಿದರೆ ಏನು ಹೇಳಬೇಕು? ನಮಗೆ ಬೇಕಿರುವುದು ಇದರ ಅಭ್ಯಾಸ. ಮಾರನೇ ದಿನ ಯಾರೋ ಪೋಷಕರು ಗೇಟಿಗೆ ಬಂದು ಗಲಾಟೆ ಮಾಡಿದರೆ ಇಲಾಖೆ ನಮ್ಮ ಬೆನ್ನಿಗಿರುತ್ತದೆ ಅನ್ನುವ ಲಿಖಿತ ಸುತ್ತೋಲೆಯೂ ಬೇಕು. ಅದಿಲ್ಲದಿದ್ದರೆ ಯಾರೂ ಬುಕ್ಕರಾಯನ ಶಾಸನ ತೆಗೆಯುವುದಿಲ್ಲ, ಎಲ್ಲರೂ ನೀತಿಕಥೆ ಓದಿಸಿ ಮುಗಿಸುತ್ತಾರೆ.

ಕೊನೆಯದಾಗಿ, ಪಠ್ಯ ರಚನೆ. 2022ರಲ್ಲಿ ಒಂಬತ್ತನೇ ತರಗತಿಯ ಬಸವಣ್ಣನ ಪಾಠದ ಬಗ್ಗೆ ಎಷ್ಟು ಗಲಾಟೆಯಾಯಿತು ಅಂತ ತಮಗೆ ಗೊತ್ತಿದೆ. ಸರ್ಕಾರ ತಿದ್ದುಪಡಿ ಹೊರಡಿಸಬೇಕಾಯಿತು. ಈ ಸಲ ಕರಡನ್ನು ಅಚ್ಚಿಗೆ ಹೋಗುವ ಮೊದಲೇ ಎಲ್ಲರಿಗೂ ಕಾಣುವಂತೆ ಇಡಿ. ಸಮಿತಿಯಲ್ಲಿ ಪಾಠ ಮಾಡುತ್ತಿರುವ ಹೈಸ್ಕೂಲು ಶಿಕ್ಷಕರಿರಲಿ. ಕೆಲವು ಶಾಲೆಗಳಲ್ಲಿ ಒಂದು ವರ್ಷ ಪ್ರಯೋಗ ಮಾಡಿ, ಮಕ್ಕಳ ಉತ್ತರ ಪತ್ರಿಕೆಗಳನ್ನು ಸಮಿತಿಯವರು ಕೂತು ಓದಲಿ.

ಬುಕ್ಕರಾಯನ ಶಾಸನದ ಪಾಠವನ್ನು ಪ್ರಶ್ನೆಗಳ ಸಮೇತ ಬರೆದಿಟ್ಟಿದ್ದೇನೆ. ರಾಜ್ಯದ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯಾದ ಡಿಎಸ್‌ಇಆರ್‌ಟಿಯವರು ಕೇಳಿದರೆ ಕಳಿಸಿಕೊಡುತ್ತೇನೆ. ಮಕ್ಕಳು ಬರೆದ ಉತ್ತರಗಳೂ ಇವೆ. ಕೆಲವರದು ಕಾಗುಣಿತ ಸರಿ ಇಲ್ಲ, ವಾದ ಗಟ್ಟಿಯಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಸಮಾಜ ವಿಜ್ಞಾನದ ಒಬ್ಬ ಶಿಕ್ಷಕಿ